ಕನ್ನಡದಲ್ಲಿ ಏನೂ ಇಲ್ಲ ಎನ್ನಬೇಡಿ

ಮದ್ದೂರು ತಾಲ್ಲೂಕಿನ ಒಬ್ಬ ತಾಯಿ ಬರೆದಿದ್ದಾರೆ: "ಮಗಳು ಸರ್ಕಾರಿ ಶಾಲೆ, ಏಳನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ಒಂದು ಕಂಪನಿಯವರು ಮನೆಗೆ ಬಂದು ಅವಳಿಗೆ ನಾಲ್ಕು ಪ್ರಶ್ನೆ ಕೇಳಿ, ಬೇಸಿಕ್ಸ್ ವೀಕ್ ಇದೆ ಎಂದರು. ಟ್ಯಾಬ್ ಕೊಡುತ್ತಾರಂತೆ, ದುಡ್ಡು ಕಂತಿನಲ್ಲಿ ಕಟ್ಟಬೇಕಂತೆ. ಪಾಠವೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಹೇಗೂ ಏನೂ ಸಿಗಲ್ಲ, ತಗೊಂಡುಬಿಡೋಣ ಅಂತಾರೆ ಯಜಮಾನರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ನನಗೆ ಗೊತ್ತಾಗಲ್ಲ. ಏನು ಮಾಡಲಿ?"

ಕಂತು ಕಟ್ಟಬೇಡಿ ತಾಯಿ. ಇದು ನನ್ನ ಮೊದಲ ಮಾತು.

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕು, ಚೆನ್ನಾಗಿ ಕಲಿಯಲಿ. ಯಜಮಾನರ ಆತಂಕವೂ ನ್ಯಾಯವೇ. ಆದರೆ ಭಿನ್ನರಾಶಿಯೇ ಕಷ್ಟವಾಗಿರುವ ಮಗುವಿಗೆ ಅದನ್ನು ಅರ್ಥವಾಗದ ಭಾಷೆಯಲ್ಲಿ ಹೇಳಿದರೆ ಕಷ್ಟ ಎರಡಾಗುತ್ತದೆ, ಅಲ್ವಾ? ನಾಲ್ಕು ಪ್ರಶ್ನೆ ಕೇಳಿ ಮಗು ವೀಕ್ ಎಂದವರು ಮಾರಲು ಬಂದವರು. ಆ ಮಾತನ್ನು ಮಗಳ ಮುಂದೆಯೇ ಆಡಿದ್ದರೆ, ಮೊದಲು ಅವಳನ್ನು ಕೂರಿಸಿಕೊಂಡು ಅದು ಸುಳ್ಳು ಎಂದು ಹೇಳಿ.

ಇನ್ನು ಕನ್ನಡದಲ್ಲಿ ಏನೂ ಸಿಗಲ್ಲ ಅನ್ನೋದು. ಮಗಳ ಪಠ್ಯಪುಸ್ತಕ ತೆಗೆದು ನೋಡಿ. ಪಾಠಗಳ ಪಕ್ಕದಲ್ಲಿ ಕಪ್ಪು ಚೌಕಗಳಿರುತ್ತವೆ, ಕ್ಯೂಆರ್ ಕೋಡ್. ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೊ, ಅಭ್ಯಾಸ ಬರುತ್ತವೆ. ದೀಕ್ಷಾ ಶುರುವಾಗಿದ್ದು 2017ರಲ್ಲಿ. ಪುಕ್ಕಟೆ. ಎಲ್ಲ ವಿಡಿಯೊ ಚೆನ್ನಾಗಿವೆ ಎನ್ನಲಾರೆ, ಕೆಲವು ಸುಮ್ನೆ ಪುಸ್ತಕ ಓದಿ ಹೇಳಿದಂತಿವೆ. ಗಣಿತಕ್ಕೆ ಖಾನ್ ಅಕಾಡೆಮಿ ಇದೆ, ಅದರಲ್ಲೂ ಕನ್ನಡ ಪಾಠಗಳಿವೆ, ಅದಕ್ಕೂ ದುಡ್ಡಿಲ್ಲ.

ನನಗೆ ತುಂಬಾ ಪ್ರೀತಿ ಇರುವುದು ಫೆಟ್ (PhET) ಎಂಬ ಜಾಲತಾಣದ ಮೇಲೆ. ಕಾರ್ಲ್ ವೀಮನ್ ಎಂಬ ಅಮೆರಿಕದ ವಿಜ್ಞಾನಿಗೆ 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ಹಣದಲ್ಲಿ ಒಂದು ಪಾಲು ಹಾಕಿ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರು ಮಾಡಿದರು. ಮಕ್ಕಳು ತಾವೇ ಮಾಡಿ ನೋಡುವ ಪ್ರಯೋಗಗಳು ಅದರಲ್ಲಿವೆ, ಎಷ್ಟೋ ಪ್ರಯೋಗಗಳು ಕನ್ನಡಕ್ಕೂ ಬಂದಿವೆ. ವಿದ್ಯುತ್ ಮಂಡಲದ್ದನ್ನೇ ತೆಗೆದುಕೊಳ್ಳಿ. ಬ್ಯಾಟರಿ, ತಂತಿ, ಬಲ್ಬುಗಳನ್ನು ಬೆರಳಿನಲ್ಲಿ ಎಳೆದು ಜೋಡಿಸಬೇಕು. ಸುತ್ತು ಪೂರ್ತಿಯಾದ ತಕ್ಷಣ ತಂತಿಯೊಳಗೆ ನೀಲಿ ಚುಕ್ಕಿಗಳು ಹರಿಯುತ್ತವೆ, ಬಲ್ಬು ಹತ್ತುತ್ತದೆ. ಅದೇ ಸಾಲಿನಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಎರಡೂ ಮಂಕಾಗುತ್ತವೆ. ಪಕ್ಕದಲ್ಲಿ ಬೇರೆ ದಾರಿ ಮಾಡಿ ಸೇರಿಸಿದರೆ ಎರಡೂ ಪೂರ್ತಿ ಉರಿಯುತ್ತವೆ. ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ಸಿಕ್ಕಿಸಿದರೆ ಬೆಂಕಿ ಹತ್ತುತ್ತದೆ! ಮನೆಯಲ್ಲಿ ಮಾಡಬಾರದ ತಪ್ಪನ್ನು ಇಲ್ಲಿ ಮಾಡಬಹುದು, ಮತ್ತೆ ಮತ್ತೆ ಮಾಡಬಹುದು. ಬೈಯುವವರಿಲ್ಲ, ಮಾರ್ಕ್ಸ್ ಕಳೆಯುವವರಿಲ್ಲ. ಒಮ್ಮೆ ಡೌನ್‌ಲೋಡ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆ ನಿಮ್ಮದು. ಅಲ್ಲಿನ ಮಗು ವಿದ್ಯುತ್ ಪಾಠವನ್ನು ಉರು ಹೊಡೆದು ಪಾಸಾಗುವುದು ನನಗೆ ಸಹಿಸಲು ಆಗುವುದಿಲ್ಲ.

ಎರಡನೆಯದು ಅರವಿಂದ ಗುಪ್ತಾ ಅವರ ತಾಣ. ಐಐಟಿಯಲ್ಲಿ ಓದಿದ ಎಂಜಿನಿಯರ್, ಜೀವನವೆಲ್ಲ ಕಸದಿಂದ ಆಟಿಕೆ ಮಾಡಿ ವಿಜ್ಞಾನ ಹೇಳಿಕೊಟ್ಟವರು. 2018ರಲ್ಲಿ ಪದ್ಮಶ್ರೀ ಬಂತು. ಸೈಕಲ್ ಅಂಗಡಿಯಲ್ಲಿ ಒಂದಿಷ್ಟು ವಾಲ್ವ್ ಟ್ಯೂಬ್ ತನ್ನಿ, ಮನೆಯಲ್ಲಿ ಬೆಂಕಿಪೊಟ್ಟಣ ಇದ್ದೇ ಇರುತ್ತದೆ. ಮದ್ದು ಕೆರೆದು ತೆಗೆದ ಮೂರು ಕಡ್ಡಿಗಳನ್ನು ಟ್ಯೂಬಿನ ತುಂಡುಗಳಿಂದ ಜೋಡಿಸಿ ತ್ರಿಕೋನ ಮಾಡಿಸಿ, ನಾಲ್ಕು ಕಡ್ಡಿಯಲ್ಲಿ ಚೌಕ ಮಾಡಿಸಿ. ಎರಡನ್ನೂ ಒತ್ತಿ ನೋಡಲಿ. ಚೌಕ ವಾಲಿಬಿಡುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಆಮೇಲೆ ರೈಲು ಸೇತುವೆ ನೋಡಿದಾಗ ಕಬ್ಬಿಣದ ತ್ರಿಕೋನಗಳು ಯಾಕೆ ಅಂತ ಅವಳೇ ನಿಮಗೆ ಹೇಳುತ್ತಾಳೆ. ಇಂಥ ಎಷ್ಟೋ ಆಟಿಕೆಗಳು ಆ ತಾಣದಲ್ಲಿವೆ, ಕನ್ನಡ ಪುಸ್ತಕಗಳೂ ಇವೆ.

ಕಥೆ ಓದಲು ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ತಾಣ ಇದೆ. ಸುಲಭದ್ದರಿಂದ ಕಷ್ಟದ್ದರವರೆಗೆ ಮೆಟ್ಟಿಲು ಮಾಡಿ ಇಟ್ಟಿದ್ದಾರೆ. ಅದೇ ಕಥೆ ಇಂಗ್ಲಿಷಿನಲ್ಲೂ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಲಿ. ಯಜಮಾನರು ಕೇಳುವ ಇಂಗ್ಲಿಷ್ ಅದರಲ್ಲೇ ಬರುತ್ತದೆ. ಪದಗಳ ಅರ್ಥಕ್ಕೆ ಭಾರತವಾಣಿ ಎಂಬ ತಾಣ ಇದೆ, ನಮ್ಮ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದವರು 2016ರಲ್ಲಿ ಶುರು ಮಾಡಿದ್ದು. ಮಾನಸಗಂಗೋತ್ರಿಯ ಪಕ್ಕದಲ್ಲೇ ಓಡಾಡುವ ಎಷ್ಟೋ ಮೇಷ್ಟ್ರುಗಳಿಗೇ ಇದು ಗೊತ್ತಿಲ್ಲ.

ನನ್ನ ಸಂಕಟ ಇರುವುದೇ ಇಲ್ಲಿ. ಇರುವುದನ್ನು ಹೇಳುವವರಿಲ್ಲ. ದುಡ್ಡು ಕೇಳುವ ಆ್ಯಪ್‌ಗೆ ಮನೆಮನೆಗೆ ಹೋಗುವ ಜನ ಇದ್ದಾರೆ, ಟೀವಿ ಜಾಹೀರಾತು ಇದೆ. ಪುಕ್ಕಟೆ ಸಿಗುವ ಕನ್ನಡ ಪಾಠಕ್ಕೆ ಯಾರಿದ್ದಾರೆ? ಒಂದು ಶಾಲೆಯಲ್ಲಿ ಕಂಪ್ಯೂಟರ್‌ಗಳಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಳಾದರೆ ಯಾರು ಹೊಣೆ ಅನ್ನುವ ಭಯವಂತೆ. ಪೋಷಕರ ಸಭೆಯಲ್ಲಿ ಹಾಜರಾತಿ, ಯೂನಿಫಾರ್ಮ್ ಮಾತಾಡಿ ಮುಗಿಸುತ್ತಾರೆ. ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕಾಲೇಜಿನ ಪಾಠವೂ ಕನ್ನಡದಲ್ಲಿ ನಡೆಯಲಿ ಎಂದು ಹಟ ಹಿಡಿದರು. ಅವರು ಕುಲಪತಿಯಾದದ್ದು 1956ರಲ್ಲಿ. ಆ ಊರಿನಲ್ಲಿ ಕೂತು ಇವತ್ತು ನಾನು ಏಳನೇ ಕ್ಲಾಸಿನ ಪಾಠಕ್ಕೆ ಕನ್ನಡ ಸಾಕು ಎಂದು ವಾದಿಸಬೇಕಾಗಿದೆ.

ಮೇಷ್ಟ್ರುಗಳಿಗೂ ಒಂದು ಮಾತು. ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಕಥೆ ಅನುವಾದ ಮಾಡಬಹುದು. ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ತಪ್ಪಿದ್ದರೆ ತಿದ್ದಬಹುದು. ಪ್ರಾಜೆಕ್ಟ್ ಕೊಟ್ಟಾಗ ಮಕ್ಕಳು ಮೊದಲು ನೋಡುವುದು ಅದನ್ನೇ. ನಿಮ್ಮೂರಿನ ಕೆರೆ, ನಿಮ್ಮ ನಾಲೆ, ನಿಮ್ಮ ಬೆಳೆ ಅದರಲ್ಲಿ ಇಲ್ಲದಿದ್ದರೆ ಬರೆಯಬೇಕಾದವರು ನೀವೇ.

ಕೊನೆಗೆ, ತಾಯಿ, ನನಗೆ ಗೊತ್ತಾಗಲ್ಲ ಅಂತ ಬರೆದಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ. ಇಷ್ಟು ಚೆಂದದ ಪತ್ರ ಬರೆಯುವವರಿಗೆ ಏಳನೇ ಕ್ಲಾಸಿನ ಪಾಠ ಕನ್ನಡದಲ್ಲಿದ್ದರೆ ಖಂಡಿತ ಗೊತ್ತಾಗುತ್ತದೆ. ಇಂಗ್ಲಿಷ್ ಆ್ಯಪ್ ಬಂದರೆ ನೀವು ಹೊರಗಾಗುತ್ತೀರಿ. ಕನ್ನಡದಲ್ಲಿದ್ದರೆ ಮಗಳ ಪಕ್ಕ ಕೂತು, "ಈ ಬಲ್ಬು ಯಾಕೆ ಮಂಕಾಯಿತು?" ಅಂತ ಕೇಳಬಹುದು. ದಿನಾ ಅರ್ಧ ಗಂಟೆ ಸಾಕು, ಆಮೇಲೆ ಫೋನ್ ನಿಮ್ಮ ಕೈಗೇ ಬರಲಿ. ಮೊದಲ ವಾರ ಫೆಟ್ ಒಂದನ್ನೇ ನೋಡಿ. ಕಂಪನಿಯವರು ಮತ್ತೆ ಬಂದರೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಆ ಕಾಗದದ ನಕಲು ಇಟ್ಟುಕೊಂಡು ಕೂಡಲೇ ನಮಗೆ ಬರೆಯಿರಿ.