ಅಡುಗೆಮನೆಯ ತಕ್ಕಡಿಯಲ್ಲಿ ಬೆಕ್ಕಿನ ಮರಿ

ಓದುಗರ ಪ್ರಶ್ನೆ, ದಾವಣಗೆರೆಯ ನಿವೃತ್ತ ಶಿಕ್ಷಕಿಯ ಉತ್ತರ

ಈ ತಿಂಗಳ ಪತ್ರಗಳಲ್ಲಿ ಮಕ್ಕಳ ಓದು, ಅಡುಗೆಮನೆ, ಬೆಕ್ಕು ಮೂರೂ ಒಂದರೊಳಗೊಂದು ಸೇರಿಕೊಂಡು ಬಂದಿವೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿ ಮೂರು ಎಳೆಯ ಜೀವಗಳ ಅಳಿವು ಉಳಿವಿನ ಮಾತಿದೆ.

ಪ್ರಶ್ನೆ: ಅಕ್ಕಾ, ನಮ್ಮ ಮನೆಯ ಬೆಕ್ಕು ಅಟ್ಟದಲ್ಲಿ ಹಳೆಯ ಟ್ರಂಕಿನ ಹಿಂದೆ ಮೂರು ಮರಿ ಹಾಕಿ ನಾಲ್ಕು ದಿನವಾಯಿತು. ಮೂರನೇ ತರಗತಿಯ ಮಗಳು ಶಾಲೆಯಿಂದ ಬಂದವಳೇ ಏಣಿ ಹತ್ತಿ ಅಲ್ಲೇ ಕೂರುತ್ತಾಳೆ. ಪುಸ್ತಕ ಮುಟ್ಟುವುದಿಲ್ಲ, ಕಳೆಯುವ ಲೆಕ್ಕವೆಂದರೆ ಅಳುತ್ತಾಳೆ. ಮುಂದಿನ ತಿಂಗಳು ನಾದಿನಿ ಹೆರಿಗೆಗೆ ಬರುತ್ತಿದ್ದಾಳೆ. ‘ಬಸುರಿ ಹೆಂಗಸು ಇರುವ ಮನೆಯಲ್ಲಿ ಬೆಕ್ಕು ಬೇಡ, ಮರಿಗಳನ್ನು ಚೀಲಕ್ಕೆ ಹಾಕಿ ಮಾರುಕಟ್ಟೆ ಹತ್ತಿರ ಬಿಟ್ಟು ಬಾ’ ಎಂದು ಅತ್ತೆ ಹಠ ಹಿಡಿದಿದ್ದಾರೆ. ಏನು ಮಾಡಲಿ?
ಒಬ್ಬ ತಾಯಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಬಿಡಬೇಡಿ ತಾಯಿ. ನಾಲ್ಕು ದಿನದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಕಿವಿ ಸರಿಯಾಗಿ ಕೇಳಿಸುವುದಿಲ್ಲ, ತನ್ನ ಮೈ ತಾನು ಬೆಚ್ಚಗಿಟ್ಟುಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿಯ ಮಗ್ಗುಲಿನಿಂದ ಎತ್ತಿಕೊಂಡು ಹೋದ ಮರಿ ಹಸಿವಿಗಿಂತ ಮೊದಲು ಚಳಿಗೇ ಸಾಯುತ್ತದೆ. ಮಾರುಕಟ್ಟೆಯಲ್ಲಿ ಬಿಟ್ಟರೆ ಯಾರಾದರೂ ಸಾಕಿಕೊಳ್ಳುತ್ತಾರೆ ಎಂಬುದು ನಮ್ಮ ಮನಸ್ಸಿಗೆ ನಾವು ಹೇಳಿಕೊಳ್ಳುವ ಸಮಾಧಾನ, ಅಷ್ಟೆ. ಎಂಟು ವಾರವಾದರೂ ಅವು ತಾಯಿಯ ಜೊತೆ ಇರಲಿ. ಅಷ್ಟರಲ್ಲಿ ಸಾಕುವ ಮನೆ ಹುಡುಕಿದರಾಯಿತು.

ಅತ್ತೆಯವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಅವರ ಹೆದರಿಕೆಗೆ ಆಧಾರವಿದೆ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಕೆಲವು ಬೆಕ್ಕುಗಳ ಮಲದಲ್ಲಿ ಹೊರಬೀಳುತ್ತದೆ. ಬಸುರಿಯರಿಗೆ ಮೊದಲ ಸಲ ಅದು ತಗುಲಿದರೆ ಹೊಟ್ಟೆಯಲ್ಲಿನ ಮಗುವಿಗೆ ತೊಂದರೆಯಾಗಬಹುದು. ಆದರೆ ಅದು ಬೆಕ್ಕಿನ ಕೂದಲಿನಿಂದಲೋ ಉಸಿರಿನಿಂದಲೋ ಬರುವುದಲ್ಲ. ಮಲ ಹೊರಬಿದ್ದ ಮೇಲೆ ಅದರಲ್ಲಿರುವ ಪರಾವಲಂಬಿ ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ಬೆಕ್ಕು ಹೊಲಸು ಮಾಡುವ ಮರಳಿನ ತಟ್ಟೆಯನ್ನು ದಿನಾ ತಪ್ಪದೆ ತೆಗೆದರೆ ಅಪಾಯ ಬಹಳ ಇಳಿಯುತ್ತದೆ. ಆ ಕೆಲಸ ನಾದಿನಿಯದಲ್ಲ, ಮಗುವಿನದೂ ಅಲ್ಲ. ನೀವು ಇಲ್ಲವೇ ಮನೆಯ ಗಂಡಸರು ಮಾಡಿ, ಸೋಪು ಹಾಕಿ ಕೈ ತೊಳೆಯಿರಿ. ನಾದಿನಿ ಹೂಕುಂಡದ ಮಣ್ಣನ್ನು ಬರಿಗೈಯಲ್ಲಿ ಮುಟ್ಟುವುದು ಬೇಡ. ಸೊಪ್ಪು, ಸೌತೆಕಾಯಿಗಳನ್ನು ಚೆನ್ನಾಗಿ ತೊಳೆದೇ ತಿನ್ನಲಿ, ಮಾಂಸ ತಿನ್ನುವವರಾದರೆ ಪೂರ್ತಿ ಬೆಂದದ್ದನ್ನೇ ತಿನ್ನಲಿ. ಮನೆಯಲ್ಲಿ ಬೆಕ್ಕಿದೆ ಎಂಬುದನ್ನು ಅವರ ವೈದ್ಯರಿಗೂ ಒಂದು ಮಾತು ತಿಳಿಸಿ. ಇಷ್ಟನ್ನೂ ಅತ್ತೆಯವರ ಎದುರಿಗೆ ಕೂತು ಹೇಳಿ. ‘ನಿಮ್ಮ ಮಾತು ಸರಿಯಿದೆ ಅತ್ತೆ, ಅದಕ್ಕೇ ಹೀಗೆ ಮಾಡುತ್ತಿದ್ದೇನೆ’ ಎಂದರೆ ಹಿರಿಯರು ಒಪ್ಪುತ್ತಾರೆ. ತಮ್ಮ ಮಾತು ಕೇಳಿಸಿತು ಎನ್ನುವುದೇ ಅವರಿಗೆ ಮುಖ್ಯ.

ಇನ್ನು ಅಟ್ಟ. ನಮ್ಮ ಊರಿನ ಬಿಸಿಲಿಗೆ ತಗಡಿನ ಕೆಳಗಿನ ಅಟ್ಟ ಕಾದುಬಿಡುತ್ತದೆ. ಹುಡುಗಿ ಏಣಿ ಹತ್ತುವುದೂ ಒಳ್ಳೆಯದಲ್ಲ. ಕೆಳಗಿನ ಕೋಣೆಯ ಕತ್ತಲೆ ಮೂಲೆಯಲ್ಲಿ ರಟ್ಟಿನ ಡಬ್ಬಿ ಇಟ್ಟು ಹಳೆಯ ಹತ್ತಿ ಸೀರೆ ಹಾಸಿ, ತಾಯಿ ಬೆಕ್ಕಿಗೆ ಊಟವನ್ನೂ ಅದರ ಪಕ್ಕದಲ್ಲೇ ಕೊಡಿ. ಜಾಗ ಹಿಡಿಸಿದರೆ ಅದೇ ಮರಿಗಳ ಕುತ್ತಿಗೆ ಕಚ್ಚಿಕೊಂಡು ಒಂದೊಂದಾಗಿ ಇಳಿಸಿಕೊಳ್ಳುತ್ತದೆ.

ಈಗ ಮಗಳ ಲೆಕ್ಕದ ವಿಷಯ. ಅವಳನ್ನು ಮರಿಗಳಿಂದ ಬಿಡಿಸಿ ಪುಸ್ತಕದ ಮುಂದೆ ಕೂರಿಸಬೇಡಿ, ಪುಸ್ತಕವನ್ನೇ ಮರಿಗಳ ಹತ್ತಿರ ತನ್ನಿ. ನಿಮ್ಮ ಮನೆಯಲ್ಲಿ ಮಸಾಲೆ, ಹಿಟ್ಟು ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಒಂದು ಪ್ಲಾಸ್ಟಿಕ್ ಬುಟ್ಟಿಯನ್ನು ಮರಿಗಳಿಗೆಂದೇ ಮೀಸಲಿಡಿ, ಒಳಗೆ ಬಟ್ಟೆ ಹಾಕಿ. ತಕ್ಕಡಿಯಲ್ಲಿ ಬುಟ್ಟಿಯ ತೂಕವನ್ನು ಸೊನ್ನೆ ಮಾಡುವ ಗುಂಡಿ ಇರುತ್ತದೆ, ಅದನ್ನು ಒತ್ತಬೇಡಿ. ಬರೀ ಬುಟ್ಟಿ 145 ಗ್ರಾಂ, ಮರಿ ಕೂತ ಬುಟ್ಟಿ 252 ಗ್ರಾಂ ಎಂದುಕೊಳ್ಳಿ. ಹಾಗಾದರೆ ಮರಿ ಎಷ್ಟು? ಎರಡರಲ್ಲಿ ಐದು ಹೋಗುವುದಿಲ್ಲ, ದಶಕದ ಸ್ಥಾನದಿಂದ ಒಂದು ತರಬೇಕು. ಪುಸ್ತಕದಲ್ಲಿ ಅವಳ ಕಣ್ಣಲ್ಲಿ ನೀರು ತರಿಸಿದ ಅದೇ ದಶಕ ಸಹಿತ ವ್ಯವಕಲನ ಇಲ್ಲಿ ಬರುತ್ತದೆ. ಉತ್ತರ 107. ಮಾರನೆಯ ದಿನ ತಕ್ಕಡಿ 264 ತೋರಿಸಿದರೆ ಮರಿ 119, ಒಂದೇ ದಿನಕ್ಕೆ 12 ಗ್ರಾಂ ಏರಿದೆ. ಈ ಹನ್ನೆರಡು ಯಾಕೆ ಬೇಕು ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ.

ಹುಟ್ಟಿದಾಗ ಬೆಕ್ಕಿನ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಎರಡು ವಾರದ ಹೊತ್ತಿಗೆ ಇಮ್ಮಡಿಯಾಗಬೇಕು. ತೂಕ ಏರದೆ ನಿಂತರೆ, ಅದಕ್ಕಿಂತ ಹೆಚ್ಚಾಗಿ ಇಳಿದರೆ, ಆ ಮರಿಗೆ ಹಾಲು ಸಿಗುತ್ತಿಲ್ಲ ಅಥವಾ ಕಾಯಿಲೆಯಿದೆ ಎಂದು ಅರ್ಥ. ಪಶುವೈದ್ಯರ ಹತ್ತಿರ ಓಡಬೇಕು. ಅಂದರೆ ನಿಮ್ಮ ಮಗಳ ಲೆಕ್ಕ ಸರಿಯಿದ್ದರೆ ಒಂದು ಜೀವ ಉಳಿಯುತ್ತದೆ. ಇದು ಆಟಕ್ಕೆ ಕೊಟ್ಟ ಲೆಕ್ಕವಲ್ಲ, ಅದಕ್ಕೇ ಮಕ್ಕಳು ಇದಕ್ಕೆ ಮನಸ್ಸು ಕೊಡುತ್ತಾರೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮೂರು ಮರಿಗೆ ಮೂರು ಸಾಲು ಎಳೆಸಿ, ತಾರೀಕು ಹಾಕಿಸಿ. ಏಳರಿಂದ ಹತ್ತು ದಿನದಲ್ಲಿ ಕಣ್ಣು ಬಿಡುತ್ತವೆ. ಯಾವುದು ಮೊದಲು ಬಿಟ್ಟಿತು, ಒಂದೇ ಕಣ್ಣೋ ಎರಡೂ ಕಣ್ಣೋ, ಬಣ್ಣ ಯಾವುದು, ಎಲ್ಲ ಅವಳೇ ಬರೆಯಲಿ. ನಮ್ಮ ಮನೆಯ ಕೆಂಚಿ ಮರಿ ಹಾಕಿದಾಗ ಹತ್ತಿರದಿಂದ ನೋಡಿದ್ದೇನೆ: ರೆಪ್ಪೆ ಮೂಗಿನ ಕಡೆಯ ಮೂಲೆಯಲ್ಲಿ ಮೊದಲು ಗೆರೆಯಷ್ಟು ಸೀಳುತ್ತದೆ, ಒಳಗೆ ಮಂಜು ಕವಿದ ನೀಲಿ ಕಾಣುತ್ತದೆ, ಸಂಜೆಯ ಹೊತ್ತಿಗೆ ಅರ್ಧ ತೆರೆದಿರುತ್ತದೆ. ಇದನ್ನು ನೋಡಿದ ಮಗುವಿಗೆ ‘ನಾಲ್ಕು ವಾಕ್ಯ ಬರೆ’ ಎಂದು ಗದರಬೇಕಾಗಿಲ್ಲ.

ಮೊದಲ ವಾರ ತೂಗುವಾಗ ಮಾತ್ರ ಮುಟ್ಟಲಿ, ಅದೂ ತಾಯಿ ಬೆಕ್ಕು ಊಟಕ್ಕೆ ಎದ್ದಾಗ, ನಿಮ್ಮ ಎದುರಿಗೆ. ಎರಡನೇ ವಾರದಿಂದ ಏಳನೇ ವಾರದವರೆಗೆ ದಿನಾ ಸ್ವಲ್ಪ ಹೊತ್ತು ಮೆಲ್ಲಗೆ ಎತ್ತಿ ಆಡಿಸಿದರೆ ಮರಿಗಳು ಮನುಷ್ಯರಿಗೆ ಹೆದರದೆ ಬೆಳೆಯುತ್ತವೆ. ಹಾಗೆ ಬೆಳೆದ ಮರಿಯನ್ನು ಕೇಳಿಕೊಂಡು ಜನರೇ ಬರುತ್ತಾರೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ. ತಾಯಿ ಬೆಕ್ಕು ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಮರಿಗಳು ಹಾಲು ಬಿಟ್ಟ ಕೂಡಲೇ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ. ಅತ್ತೆಯವರ ಚೀಲದ ಮಾತು ಮತ್ತೆ ಬರದಿರಲು ಅದೊಂದೇ ದಾರಿ.

ಪ್ರಶ್ನೆ: ಆಡುವಾಗ ಬೀದಿ ಬೆಕ್ಕು ಮಗನ ಮುಂಗೈ ಪರಚಿತು, ಸ್ವಲ್ಪ ರಕ್ತ ಬಂತು. ಅರಿಶಿನ ಹಚ್ಚಿದ್ದೇವೆ. ನಾಯಿಯಲ್ಲವಲ್ಲ, ಇಂಜೆಕ್ಷನ್ ಬೇಕೇ?
ಓದುಗರು, ಚನ್ನಗಿರಿ

ಉತ್ತರ: ಬೇಕು. ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ತಡವಾಗಬಾರದೆಂದು ನಿಮಗೆ ಆಗಲೇ ಬೇರೆಯಾಗಿ ಉತ್ತರ ಕಳಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ, ರೋಗ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ಹತ್ತು ದಿನ ಆ ಬೆಕ್ಕಿನ ಮೇಲೆ ಕಣ್ಣಿಡುವುದು ಸರಿ, ಆದರೆ ಅದಕ್ಕಾಗಿ ಲಸಿಕೆ ಮುಂದೂಡಬೇಡಿ.

ಪ್ರಶ್ನೆ: ಮದುವೆಯಾಗಿ ಬೆಂಗಳೂರಿಗೆ ಬಂದೆ, ತವರು ದಾವಣಗೆರೆಯ ಕೆ.ಬಿ. ಬಡಾವಣೆ. ಇಲ್ಲಿ ಡಿಸೆಂಬರ್‌ನಲ್ಲಿ ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಬೆಣ್ಣೆ ದೋಸೆ ಮಾಡಲು ಹೋದರೆ ಎಣ್ಣೆ ದೋಸೆಯ ಹಾಗೆ ಆಗುತ್ತದೆ. ಗಂಡನ ಮನೆಯವರ ಮುಂದೆ ಊರಿನ ಮಾನ ಹೋಗುತ್ತಿದೆ ಅಕ್ಕಾ!
ಒಬ್ಬ ಸೊಸೆ, ಬೆಂಗಳೂರು

ಉತ್ತರ: ಊರಿನ ಮಾನ ಉಳಿಸೋಣ ಮಗಳೇ. ಮೂರು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕು. ರುಬ್ಬುವ ಹೊತ್ತಿಗೆ ಎರಡು ಲೋಟ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಸೇರಿಸು. ಹೊರಗಿನವರು ಮರೆಯುವುದು ಈ ಮಂಡಕ್ಕಿಯನ್ನೇ; ಹೊರಗೆ ಗರಿಗರಿ, ಒಳಗೆ ಮೆತ್ತಗೆ ಬರುವುದು ಅದರಿಂದ. ಹಿಟ್ಟು ಸಾದಾ ದೋಸೆಯದಕ್ಕಿಂತ ಗಟ್ಟಿಯಿರಲಿ.

ಉಬ್ಬದಿರಲು ಕಾರಣ ಚಳಿ. ಹಿಟ್ಟನ್ನು ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ ಸುಮಾರು 30 ಡಿಗ್ರಿ ಬಿಸಿ ಹಿತ. ನಮ್ಮೂರಿನಲ್ಲಿ ಅದು ತಾನಾಗಿಯೇ ಸಿಗುತ್ತದೆ, ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಸಿಗುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬು, ಉಪ್ಪನ್ನು ಬೆಳಿಗ್ಗೆ ಹಾಕು, ರಾತ್ರಿ ಬರಿಗೈಯಲ್ಲಿ ಚೆನ್ನಾಗಿ ಕಲಸು. ಆಮೇಲೆ ಅಗಲ ಪಾತ್ರೆಯಲ್ಲಿ ಬಿಸಿನೀರು ಹಾಕಿ, ಅದರೊಳಗೆ ಹಿಟ್ಟಿನ ಪಾತ್ರೆ ಇಟ್ಟು, ಮೇಲೆ ದಪ್ಪ ಟವೆಲ್ ಹೊದಿಸು. ಮಂಡಕ್ಕಿ ಹಾಕಿದ ಹಿಟ್ಟು ಬೇಗ ಹುಳಿಯಾಗುತ್ತದೆ, ಉಬ್ಬಿದ ಕೂಡಲೇ ಬಳಸು.

ಬೆಣ್ಣೆಯ ವಿಷಯದಲ್ಲಿ ನಾನು ಸ್ವಲ್ಪವೂ ರಾಜಿಯಾಗುವುದಿಲ್ಲ. ಅಂಗಡಿಯ ಹಳದಿ ಉಪ್ಪು ಬೆಣ್ಣೆ ಬೇಡ, ತುಪ್ಪವೂ ಬೇಡ, ಬಿಳಿ ಬೆಣ್ಣೆಯೇ ಆಗಬೇಕು. ವಾರದ ಕೆನೆಯನ್ನು ಫ್ರಿಜ್ಜಿನಲ್ಲಿ ಕೂಡಿಟ್ಟು, ಹೆಪ್ಪು ಹಾಕಿ, ತಣ್ಣೀರು ಸೇರಿಸಿ ಕಡೆದರೆ ಮನೆಯಲ್ಲೇ ಬರುತ್ತದೆ. ಕಡೆಗೋಲಿನ ಸದ್ದು ‘ಗಳಗಳ’ ಎನ್ನುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಭಾರವಾಗುತ್ತದೆ, ಸಾಸಿವೆಯಷ್ಟು ಸಣ್ಣ ಕಾಳುಗಳು ಮೇಲೆ ತೇಲುತ್ತವೆ. ಅಲ್ಲಿಗೆ ನಿಲ್ಲಿಸಿ ತಣ್ಣೀರಿನಲ್ಲಿ ತೊಳೆದು ಉಂಡೆ ಕಟ್ಟು. ದಪ್ಪ ಬೀಡು ಕಬ್ಬಿಣದ ಹಂಚು, ಹದವಾದ ಉರಿ. ಹಿಟ್ಟು ಹೊಯ್ದ ಮೇಲೆ ಹಸಿ ಮಾಸುತ್ತಿರುವಾಗ ಬೆಣ್ಣೆ ಹಾಕಬೇಕು. ಮೊದಲೇ ಹಂಚಿಗೆ ಬೆಣ್ಣೆ ಸವರಿದರೆ ಅದು ಸುಟ್ಟು ನೀನು ಹೇಳುವ ಎಣ್ಣೆ ವಾಸನೆ ಬರುತ್ತದೆ. ಪಲ್ಯಕ್ಕೆ ಅರಿಶಿನ ಬೇಡ. ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಅಷ್ಟೆ. ಚಟ್ನಿಗೆ ಕಾಯಿಯ ಜೊತೆ ಪುಟಾಣಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಬೆಕ್ಕಿಗೆ ಹಾಲು ಅನ್ನ, ಕೆಲವೊಮ್ಮೆ ಸಾರು ಅನ್ನ ಹಾಕುತ್ತೇವೆ. ಸೊರಗುತ್ತಿದೆ, ಆಗಾಗ ಭೇದಿ. ಬೆಕ್ಕಿಗೆ ಮಾಂಸ ಹಾಕಲು ಮನಸ್ಸು ಒಪ್ಪುವುದಿಲ್ಲ.
ದಂಪತಿ, ಕೋಟೆ ಬದಿಯ ಓಣಿ, ಚಿತ್ರದುರ್ಗ

ಉತ್ತರ: ನಮ್ಮದೂ ಮಾಂಸ ಬೇಯದ ಮನೆಯೇ, ನಿಮ್ಮ ಸಂಕಟ ಗೊತ್ತು. ಆದರೂ ಹೇಳಲೇಬೇಕು: ಆಹಾರದ ನೇಮ ನಮ್ಮದು, ಬೆಕ್ಕಿನದಲ್ಲ. ಟೌರಿನ್ ಎಂಬ ಅಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಇರುವುದು ಮಾಂಸ, ಮೀನುಗಳಲ್ಲಿ. ಅಕ್ಕಿ ಬೇಳೆಯಲ್ಲಿ ಇಲ್ಲ. ಬಹಳ ಕಾಲ ಸಿಗದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲೂ ಅರಗುವುದಿಲ್ಲ. ಭೇದಿಗೆ ಅದೇ ಕಾರಣವಿರಬಹುದು.

ಸಾರು ಅನ್ನವನ್ನು ಇಂದೇ ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಸೊರಗಲು ಅದೂ ಕಾರಣವಿರಬಹುದು, ಆದ್ದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಎಂದು ಪ್ಯಾರಾಸಿಟಮಾಲ್ ಮಾತ್ರ ಎಂದಿಗೂ ಕೊಡಬೇಡಿ. ನಮಗೆ ಔಷಧವಾದ ಒಂದು ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ.

ಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಬೆಕ್ಕಿನ ಒಣ ಆಹಾರ ಪೊಟ್ಟಣದಲ್ಲಿ ಸಿಗುತ್ತದೆ, ಟೌರಿನ್ ಸೇರಿಸಿಯೇ ತಯಾರಿಸಿರುತ್ತಾರೆ. ನಾಯಿಯ ಆಹಾರ ಕೊಳ್ಳಬೇಡಿ, ಅದು ಬೆಕ್ಕಿಗೆ ಸಾಲದು. ಪೊಟ್ಟಣ, ತಟ್ಟೆ, ಚಮಚ ಎಲ್ಲ ಹಿತ್ತಲಿನ ಕಟ್ಟೆಯ ಮೇಲೆ ಬೇರೆಯಾಗಿರಲಿ. ನಮ್ಮ ಮನೆಯಲ್ಲೂ ಹಾಗೇ ಇಟ್ಟಿದ್ದೇವೆ, ದೇವರಮನೆಗೂ ಅದಕ್ಕೂ ತಕರಾರು ಬಂದಿಲ್ಲ. ಕುಡಿಯಲು ನೀರು ಸದಾ ಇರಲಿ. ಇದೂ ಮನಸ್ಸಿಗೆ ಒಗ್ಗದಿದ್ದರೆ, ಮಾಂಸ ತಿನ್ನುವ ಪ್ರೀತಿಯ ಮನೆಯೊಂದಕ್ಕೆ ಬೆಕ್ಕನ್ನು ಕೊಟ್ಟುಬಿಡಿ. ಹಾಲು ಅನ್ನದಲ್ಲಿ ಅದನ್ನು ಸವೆಸುವುದು ಮಾತ್ರ ಸರಿಯಲ್ಲ.

ಪ್ರಶ್ನೆ: ಒಂದನೇ ತರಗತಿಯ ಮಗ ಕೆಲವು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯುತ್ತಾನೆ. ಒತ್ತಕ್ಷರ ಈಗಲೇ ಶುರು ಮಾಡಿಸಲೇ?
ಒಬ್ಬ ತಂದೆ, ಜಗಳೂರು

ಉತ್ತರ: ಆರು ವರ್ಷದ ಮಗು ಉಲ್ಟಾ ಬರೆಯುವುದು ಸಾಮಾನ್ಯ, ಬಯ್ಯಬೇಡಿ. ಎಂಟು ವರ್ಷ ಕಳೆದರೂ ಹಾಗೆಯೇ ಇದ್ದು, ಓದಲೂ ಕಷ್ಟಪಡುತ್ತಿದ್ದರೆ ಆಗ ತಜ್ಞರಿಗೆ ತೋರಿಸೋಣ. ಅಕ್ಷರಮಾಲೆಯನ್ನು ಅ ಆ ಇ ಈ ಎಂದು ಸಾಲಾಗಿ ಬರೆಸುವ ಬದಲು ರ, ಗ, ಸ, ದ, ಅ ಹೀಗೆ ಬರೆಯಲು ಸುಲಭವಾದವುಗಳಿಂದ ಶುರು ಮಾಡಿ, ನಮ್ಮ ಶಾಲೆಗಳಲ್ಲಿ ಕಲಿಸಿದ ಕ್ರಮವೂ ಅದೇ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಿನಿಂದ ದೊಡ್ಡದಾಗಿ ಬರೆಯಲಿ, ಕೈಗೆ ತಿರುವು ಗೊತ್ತಾಗುತ್ತದೆ.

ಒತ್ತಕ್ಷರಕ್ಕೆ ಅವಸರ ಬೇಡ. ಕಾಗುಣಿತ ಹಿಡಿತಕ್ಕೆ ಬಂದ ಮೇಲೆ ಅಡುಗೆಮನೆಯ ಡಬ್ಬಿಗಳಿಗೆ ಅವನ ಕೈಯಿಂದಲೇ ಚೀಟಿ ಬರೆಸಿ ಅಂಟಿಸಿ. ಮೊದಲು ಅದೇ ಅಕ್ಷರಕ್ಕೆ ಅದೇ ಒತ್ತು ಬರುವವು: ಅಕ್ಕಿ, ಬೆಲ್ಲ, ತುಪ್ಪ, ಬೆಣ್ಣೆ, ಹಿಟ್ಟು. ಅವು ಕೂತ ಮೇಲೆ ಮೆಂತ್ಯ, ಪಿಸ್ತಾ, ದ್ರಾಕ್ಷಿ. ಚೀಟಿಯಲ್ಲಿ ತಪ್ಪು ಬರೆದಿದ್ದರೂ ಆ ದಿನ ಹಾಗೇ ಬಿಡಿ. ಮಾರನೆಯ ದಿನ ‘ಬೆಲ್ಲದ ಡಬ್ಬಿ ಕೊಡಪ್ಪಾ’ ಎಂದು ಕೇಳಿ, ಅವನೇ ಓದಿ ಹುಡುಕಲಿ. ಓದಲು ಬಾರದೆ ತಡವರಿಸಿದರೆ ಚೀಟಿ ಬದಲಾಯಿಸಲು ಅವನೇ ಪೆನ್ಸಿಲ್ ಕೇಳುತ್ತಾನೆ.