ಓದುಗರ ಪ್ರಶ್ನೆ: ಖಾತೆ ಕೈತಪ್ಪಿದಾಗ ಮತ್ತು ಕೈತಪ್ಪದಿರಲು

ಪ್ರಶ್ನೆ: ಮಾನ್ಯರೆ, ಗೋಕರ್ಣದ ಸಮೀಪ ನಾವೊಂದು ಸಣ್ಣ ಹೋಂಸ್ಟೇ ನಡೆಸುತ್ತಿದ್ದೇವೆ. ಪರಿಚಿತರೊಬ್ಬರ ಇನ್‌ಸ್ಟಾಗ್ರಾಮ್ ಖಾತೆಯಿಂದ, ‘ನಿಮ್ಮ ಮೊಬೈಲಿಗೆ ತಪ್ಪಿ ಒಂದು ಕೋಡ್ ಬಂದಿದೆ, ಕಳುಹಿಸಿ’ ಎಂಬ ಸಂದೇಶ ಬಂತು, ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲೇ ನಮ್ಮ ಪುಟ ನಮಗೇ ತೆರೆಯದಾಯಿತು. ಈಗ ಯಾರೋ ಅದೇ ಪುಟದಿಂದ ಅತಿಥಿಗಳ ಬಳಿ ಮುಂಗಡ ಹಣ ಕೇಳುತ್ತಿದ್ದಾರೆ. ಮುಂದೇನು ಮಾಡಬೇಕು?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ನಿಮ್ಮ ಪರಿಚಿತರ ಖಾತೆ ನಿಮಗಿಂತ ಮೊದಲೇ ಕಳ್ಳರ ವಶವಾಗಿತ್ತು. ನೀವು ಕಳುಹಿಸಿದ ಕೋಡ್ ತಪ್ಪಿ ಬಂದದ್ದಲ್ಲ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಅವರು ನಿಮ್ಮ ಹೆಸರಿನಲ್ಲಿ ಕೇಳಿದ್ದಕ್ಕೆ ಕಂಪನಿಯು ನಿಮಗೆ ಕಳುಹಿಸಿದ ಕೋಡ್ ಅದು. ಪಾಸ್‌ವರ್ಡ್ ಎಷ್ಟೇ ಬಿಗಿಯಾಗಿದ್ದರೂ, ಅದನ್ನು ಮರೆತವರಿಗಾಗಿ ಇಟ್ಟಿರುವ ದಾರಿ ಸಡಿಲವಾಗಿದ್ದರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ. ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಪಾಸ್‌ವರ್ಡಿನ ಬಗ್ಗೆಯೇ ಕೇಳುತ್ತವೆ. ಕಳ್ಳರು ಬಹುಪಾಲು ಆ ಇನ್ನೊಂದು ದಾರಿಯಿಂದ ಬರುತ್ತಾರೆ.

ಪುಟಕ್ಕಿಂತ ಮೊದಲು ನಿಮ್ಮ ಇಮೇಲ್ ಖಾತೆಯನ್ನು ಪರಿಶೀಲಿಸಿರಿ, ಏಕೆಂದರೆ ಪುಟವನ್ನು ಮರಳಿ ಪಡೆಯುವ ಸಂದೇಶಗಳು ಅಲ್ಲಿಗೇ ಬರುತ್ತವೆ. ಅದು ಇನ್ನೂ ನಿಮ್ಮ ಕೈಯಲ್ಲಿದ್ದರೆ ಪಾಸ್‌ವರ್ಡ್ ಬದಲಿಸಿ, ಸೈನ್ ಇನ್ ಆಗಿರುವ ಸಾಧನಗಳ ಪಟ್ಟಿಯಲ್ಲಿ ಪರಿಚಯವಿಲ್ಲದವುಗಳನ್ನು ತೆಗೆದುಹಾಕಿ, ಚೇತರಿಕೆಗೆಂದು ಕೊಟ್ಟಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸಗಳು ನಿಮ್ಮವೇ ಎಂಬುದನ್ನು ಖಚಿತಪಡಿಸಿಕೊಳ್ಳಿರಿ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ನೋಡಬೇಕಾದದ್ದು ಇನ್ನೊಂದಿದೆ. ಒಳನುಗ್ಗಿದವನು ಜಿಮೇಲ್‌ನಲ್ಲಿ ಫಾರ್ವರ್ಡಿಂಗ್ ವಿಳಾಸವನ್ನೋ ಫಿಲ್ಟರನ್ನೋ ಸೇರಿಸಿಟ್ಟು ಹೋಗಿದ್ದರೆ, ನೀವು ಪಾಸ್‌ವರ್ಡ್ ಬದಲಿಸಿದ ಮೇಲೆಯೂ ನಿಮ್ಮ ಪತ್ರಗಳ ಪ್ರತಿ ಅವನಿಗೆ ತಲುಪುತ್ತಲೇ ಇರುತ್ತದೆ, ಅಥವಾ ಎಚ್ಚರಿಕೆಯ ಪತ್ರಗಳು ನಿಮ್ಮ ಕಣ್ಣಿಗೆ ಬೀಳದೆ ಕಸದ ಬುಟ್ಟಿ ಸೇರುತ್ತವೆ. ಈ ವ್ಯವಸ್ಥೆ ಮೊಬೈಲ್ ಆ್ಯಪ್‌ನಲ್ಲಿ ಕಾಣಿಸುವುದಿಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದೇ ನೋಡಬೇಕು. ಅದಕ್ಕಾಗಿ ಯಾವುದೋ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುವ ಬದಲು, ನಂಬಿಕೆಯ ನೆಂಟರ ಮನೆಯದನ್ನು ಬಳಸುವುದು ಲೇಸು.

ಇಮೇಲ್ ಖಾತೆಯೂ ಹೋಗಿದ್ದರೆ ತಡ ಮಾಡಬೇಡಿರಿ. ಗೂಗಲ್ ಖಾತೆಯ ಚೇತರಿಕೆ ಸಂಖ್ಯೆಯನ್ನು ಯಾರಾದರೂ ಬದಲಿಸಿದರೂ, ಹಳೆಯ ಸಂಖ್ಯೆಗೆ ಕೋಡ್ ತರಿಸಿಕೊಳ್ಳುವ ಅವಕಾಶವನ್ನು ಗೂಗಲ್ 7 ದಿನಗಳವರೆಗೆ ಕೊಡಬಹುದು. ನೀವು ನಿತ್ಯ ಬಳಸುವ ಫೋನಿನಿಂದ, ನಿತ್ಯ ಇರುವ ಜಾಗದಿಂದಲೇ ಪ್ರಯತ್ನಿಸಿದರೆ ಗೂಗಲ್‌ಗೆ ನಿಮ್ಮನ್ನು ಗುರುತಿಸುವುದು ಸುಲಭವಾಗುತ್ತದೆ.

ಇನ್ನು ಇನ್‌ಸ್ಟಾಗ್ರಾಮ್. ಖಾತೆಯ ಇಮೇಲ್ ವಿಳಾಸ ಬದಲಾದಾಗ ಹಳೆಯ ವಿಳಾಸಕ್ಕೆ ಒಂದು ಪತ್ರ ಬರುತ್ತದೆ. ಬದಲಾವಣೆಯನ್ನು ರದ್ದುಪಡಿಸುವ ಕೊಂಡಿ ಅದರಲ್ಲಿರುತ್ತದೆ. ಅದು ಸಿಗದಿದ್ದರೆ ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್ (instagram.com/hacked) ಎಂಬ ಪುಟಕ್ಕೆ ಹೋಗಿರಿ. ಖಾತೆಯಲ್ಲಿ ನಿಮ್ಮ ಮುಖದ ಚಿತ್ರಗಳಿದ್ದರೆ ವಿಡಿಯೊ ಸೆಲ್ಫಿಯ ಮೂಲಕ ನಿಮ್ಮನ್ನು ಗುರುತಿಸುವ ಕ್ರಮವೂ ಇದೆ. ಹೋಂಸ್ಟೇ ಪುಟಗಳಲ್ಲಿ ಓಂ ಕಡಲತೀರ, ತೆಂಗಿನ ಮರ ಮತ್ತು ಸೂರ್ಯಾಸ್ತ ಇರುತ್ತವೆಯೇ ಹೊರತು ಯಜಮಾನರ ಮುಖ ಇರುವುದಿಲ್ಲ. ಆಗ ಖಾತೆ ತೆರೆಯುವಾಗ ಕೊಟ್ಟಿದ್ದ ಇಮೇಲ್ ಅಥವಾ ಸಂಖ್ಯೆ, ಬಳಸಿದ್ದ ಸಾಧನದ ಬಗೆ ಮುಂತಾದವನ್ನು ಕೇಳುತ್ತಾರೆ.

ಈ ನಡುವೆ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿಯೂ ಬುಕಿಂಗ್ ಮಾಡಿರುವ ಅತಿಥಿಗಳಿಗೆ ನೇರವಾಗಿ ಕರೆ ಮಾಡಿಯೂ ಪುಟ ಕಳುವಾಗಿದೆಯೆಂದು ತಿಳಿಸಿರಿ. ಯಾರಾದರೂ ಹಣ ಕಳುಹಿಸಿಬಿಟ್ಟಿದ್ದರೆ, ಕಳೆದುಕೊಂಡವರೇ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಹಣ ಇನ್ನೂ ಒಂದು ಬ್ಯಾಂಕ್ ಖಾತೆಯಿಂದ ಮತ್ತೊಂದಕ್ಕೆ ಹಾರಿರದಿದ್ದರೆ ತಡೆಹಿಡಿಯಲು ಸಾಧ್ಯವಿದೆ. ನಿಮ್ಮ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದಾಖಲಿಸಬಹುದು, ಇಲ್ಲವೆ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಕೊಡಬಹುದು. ಪರರ ಪಾಸ್‌ವರ್ಡ್ ಅಥವಾ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ಕಳ್ಳನು ಕಳುಹಿಸಿದ ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿರಿ.

ಪ್ರಶ್ನೆ: ನನ್ನ ತಮ್ಮ ದುಬೈಯಲ್ಲಿದ್ದಾನೆ. ಊರಿನ ಸಿಮ್‌ಗೆ ರೀಚಾರ್ಜ್ ಮಾಡದೆ ಅದು ಬಂದ್ ಆಗಿದೆ. ಅವನ ಜಿಮೇಲ್, ಫೇಸ್‌ಬುಕ್ ಎಲ್ಲವೂ ಆ ಸಂಖ್ಯೆಯಲ್ಲೇ ಇವೆ. ತೊಂದರೆಯಾದೀತೆ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಆಗಬಹುದು. ಕೊಲ್ಲಿ ದೇಶಗಳಲ್ಲಿಯೂ ಹಡಗುಗಳಲ್ಲಿಯೂ ದುಡಿಯುವವರು ಮನೆಗೊಬ್ಬರಂತೆ ಇರುವ ಭಟ್ಕಳ, ಹೊನ್ನಾವರದ ಕಡೆಯವರು ಈ ಮಾತಿಗೆ ವಿಶೇಷವಾಗಿ ಗಮನ ಕೊಡಬೇಕು. ಬಂದ್ ಆದ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ; ಆ ಬಳಿಕ ಅದು ಯಾರ ಕೈಗಾದರೂ ಹೋಗಬಹುದು, ಹೋದವನು ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದರೆ ಒಟಿಪಿ ಅವನಿಗೇ ಬರುತ್ತದೆ. ಅವನು ಕಳ್ಳನೇ ಆಗಿರಬೇಕೆಂದಿಲ್ಲ, ಆದರೆ ಅವನ ಸಜ್ಜನಿಕೆಯನ್ನು ನಂಬಿ ಖಾತೆಯನ್ನು ಬಿಡಲಾಗದು. ವಾಟ್ಸ್ಆ್ಯಪ್‌ಗೆ ಸ್ವಲ್ಪ ಮಟ್ಟಿನ ರಕ್ಷಣೆ ಇದೆ: 45 ದಿನ ನಿಷ್ಕ್ರಿಯವಾಗಿದ್ದ ಸಂಖ್ಯೆ ಬೇರೊಂದು ಫೋನಿನಲ್ಲಿ ಹೊಸದಾಗಿ ಸಕ್ರಿಯವಾದರೆ ಹಳೆಯ ಖಾತೆಯ ಮಾಹಿತಿ ಅಳಿಯುತ್ತದೆ. ಆದರೆ ತಮ್ಮನವರು ಹಳೆಯ ಸಂಖ್ಯೆಯ ವಾಟ್ಸ್ಆ್ಯಪ್ಪನ್ನೇ ಇಂದಿಗೂ ಬಳಸುತ್ತಿದ್ದರೆ ಆ ಲೆಕ್ಕ ಅನ್ವಯಿಸುವುದಿಲ್ಲ. ಅವರು ಆ್ಯಪ್‌ನ ‘ಚೇಂಜ್ ನಂಬರ್’ ಮೂಲಕ ಅಲ್ಲಿನ ಸಂಖ್ಯೆಗೆ ಬದಲಾಗಿ, ಒಟಿಪಿಯ ಜೊತೆಗೆ ಕೇಳುವ ಆರು ಅಂಕಿಯ ಎರಡು ಹಂತದ ಪಿನ್ ಇಟ್ಟುಕೊಳ್ಳಲಿ.

ಉಳಿದ ಖಾತೆಗಳಿಗೆ, ಒಳಗೆ ಹೋಗಲು ಇನ್ನೂ ಸಾಧ್ಯವಿರುವಾಗಲೇ ಸಂಖ್ಯೆಯನ್ನು ಬದಲಿಸಬೇಕು. ಫೋನಿಗೆ ಒಟಿಪಿ ಬಾರದಾಗ ಬಳಸಲೆಂದು ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿಡಲಿ. ಒಂದು ಕೋಡ್ ಒಂದೇ ಸಲಕ್ಕೆ. ಮುಗಿದರೆ ಹೊಸದನ್ನು ಪಡೆಯಬಹುದು. ಊರಿಗೆ ಫೋಟೊ ತೆಗೆದು ಕಳುಹಿಸಿ ಇಡುವುದು ಬೇಡ.

ಪ್ರಶ್ನೆ: ನಮ್ಮ ಊರಿನಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಎರಡು ಹಂತದ ಪರಿಶೀಲನೆ ಹಾಕಿದರೆ ಒಟಿಪಿ ಬರುವುದಿಲ್ಲ, ಆದ್ದರಿಂದ ಹಾಕಿಲ್ಲ. ಬದಲಿಗೆ ಪ್ರತಿ ತಿಂಗಳು ಪಾಸ್‌ವರ್ಡ್ ಬದಲಿಸುತ್ತೇನೆ. ಸಾಕೆ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಸಾಲದು, ಮತ್ತು ತಿಂಗಳಿಗೊಮ್ಮೆ ಬದಲಿಸುವ ಶ್ರಮವೂ ಬೇಡ. ಅಮೆರಿಕದ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2017ರಲ್ಲಿಯೇ, ಸೋರಿಕೆಯ ಸುಳಿವಿಲ್ಲದೆ ನಿಯತವಾಗಿ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬಾರದೆಂದು ಹೇಳಿತು; ಹಾಗೆ ಒತ್ತಾಯಿಸಿದರೆ ಜನ ಹಳೆಯದರ ಕೊನೆಗೆ ಒಂದು ಅಂಕಿ ಸೇರಿಸಿ ಮುಗಿಸುತ್ತಾರೆ. ಪ್ರತಿ ಖಾತೆಗೂ ಬೇರೆಯಾದ, ಉದ್ದವಾದ ಪಾಸ್‌ವರ್ಡ್ ಇರಲಿ.

ಒಟಿಪಿಗೆ ಎಸ್‌ಎಂಎಸ್ ಒಂದೇ ದಾರಿಯಲ್ಲ. ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡರೆ ಸಿಗ್ನಲ್ ಇರಲಿ, ವೈಫೈ ಇರಲಿ, ಯಾವುದರ ಹಂಗೂ ಇಲ್ಲದೆ ಫೋನಿನೊಳಗೇ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಕೋಡ್ ಸಿದ್ಧವಾಗುತ್ತದೆ. ಮೊದಲು ಜೋಡಿಸುವಾಗ ಹಂಚಿಕೊಂಡ ಒಂದು ಗುಪ್ತ ಸಂಖ್ಯೆ ಮತ್ತು ಆ ಹೊತ್ತಿನ ಸಮಯ, ಇವೆರಡರಿಂದ ಫೋನೂ ಕಂಪನಿಯ ಕಂಪ್ಯೂಟರೂ ಬೇರೆಬೇರೆಯಾಗಿ ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬರುತ್ತವೆ. ಆದ್ದರಿಂದ ನಿಮ್ಮ ಫೋನಿನ ಗಡಿಯಾರ ಸರಿಯಾಗಿರಬೇಕು. ಸಿಗ್ನಲ್ ಇಲ್ಲದ ಕಡೆ ಅದು ಕೆಲವೊಮ್ಮೆ ಹಿಂದೆ ಬೀಳುತ್ತದೆ, ಕೋಡ್ ತಪ್ಪೆಂದು ತೋರಿಸಿದರೆ ಮೊದಲು ಅದನ್ನೇ ನೋಡಿರಿ.