ಗೈಡ್ ನೋಡಿ ಗೆದ್ದರೆ ಗೆದ್ದ ಹಾಗಲ್ಲವೇ?

ನಿಮ್ಮ ಪ್ರಶ್ನೆ ಇಷ್ಟು: ಸೆಕಿರೊ ಅನ್ನುವ ಕತ್ತಿ ಕಾಳಗದ ವಿಡಿಯೊ ಗೇಮ್ ಆಡುತ್ತಿದ್ದೀರಿ, ಒಂದು ವಾರದಿಂದ ಅದರ ಗೆನಿಚಿರೊ ಅನ್ನುವ ಬಾಸ್, ಅಂದರೆ ದಾರಿ ಅಡ್ಡಗಟ್ಟುವ ದೊಡ್ಡ ಶತ್ರುವಿನ, ಹತ್ತಿರ ಸಾಯುತ್ತಲೇ ಇದ್ದೀರಿ. ಹೇಗೆ ಗೆಲ್ಲುವುದು ಅಂತ ಬೇರೆ ಆಟಗಾರರು ಬರೆದಿಟ್ಟ ಗೈಡ್ ನೋಡೋಣ ಅಂದರೆ ಗೆಳೆಯ “ಗೈಡ್ ನೋಡಿ ಗೆದ್ದರೆ ಅದೂ ಒಂದು ಗೆಲುವಾ” ಅಂತ ಹಂಗಿಸುತ್ತಾನೆ. ನೋಡಬಹುದಾ, ಬಾರದಾ?

ನೋಡಿ. ಧಾರಾಳವಾಗಿ ನೋಡಿ. ಗೆನಿಚಿರೊ ವಿಷಯದಲ್ಲಿ ಗೈಡ್ ನೋಡಿಯೂ ನಿಮಗೆ ಅಂಥಾ ಲಾಭವೇನೂ ಆಗುವುದಿಲ್ಲ, ಬೇಕಿದ್ದರೆ ಗೆಳೆಯನಿಗೆ ಇದನ್ನೇ ಹೇಳಿ.

ನಾನೂ ಅವನ ಕೈಯಲ್ಲಿ ಎಷ್ಟು ಸಲ ಸತ್ತೆ ಅನ್ನುವ ಲೆಕ್ಕ ಬಿಟ್ಟಿದ್ದೇನೆ. ಕೊನೆಯ ಹಂತದಲ್ಲಿ ಅವನು ಮಿಂಚು ಎಸೆಯಲು ಶುರು ಮಾಡುತ್ತಾನಲ್ಲ, ಅಲ್ಲಿಗೆ ಬಂದಾಗ ಸೋತು ಗೈಡ್ ತೆರೆದೆ. ಅದರಲ್ಲಿದ್ದದ್ದು ಒಂದೇ ವಾಕ್ಯದ ಮಾತು: ಮಿಂಚು ಬರುವಾಗ ಹಾರು, ಗಾಳಿಯಲ್ಲಿದ್ದಾಗಲೇ ಅದು ಮೈಗೆ ತಾಗಲಿ, ಕಾಲು ನೆಲ ಮುಟ್ಟುವುದರೊಳಗೆ ಕತ್ತಿ ಬೀಸು, ಮಿಂಚು ಅವನಿಗೇ ವಾಪಸ್ ಹೋಗುತ್ತದೆ. ಓದುವುದಕ್ಕೆ ಹತ್ತು ಸೆಕೆಂಡ್ ಸಾಕು. ಮಾಡುವುದಕ್ಕೆ ನನಗೆ ಮೂರು ಸಂಜೆ ಬೇಕಾಯಿತು. ಮೊದಲ ಸಂಜೆ ಅವನು ಬಿಲ್ಲೆತ್ತಿದ ಕೂಡಲೇ ಗಾಬರಿಯಿಂದ ಹಾರಿ, ಮಿಂಚು ಬರುವ ಹೊತ್ತಿಗೆ ಸರಿಯಾಗಿ ನೆಲಕ್ಕಿಳಿದು ನಿಂತಿರುತ್ತಿದ್ದೆ. ಎರಡನೆಯ ಸಂಜೆ ಹಾರುವುದು ಸರಿಯಾಯಿತು, ಕತ್ತಿ ಬೀಸುವುದೇ ಮರೆತುಹೋಗುತ್ತಿತ್ತು. ಮೂರನೆಯ ದಿನ ಒಂದು ಸಲ ಎರಡೂ ಕೂಡಿಬಂತು. ಅವನು ಒದ್ದಾಡುತ್ತಾ ನಿಂತ. ಆ ಅಚ್ಚರಿಯಲ್ಲಿ ನಾನೂ ಸುಮ್ಮನೆ ನೋಡುತ್ತಾ ನಿಂತೆ. ಅವನು ಸುಧಾರಿಸಿಕೊಂಡು ಬಂದು ನನ್ನನ್ನು ಕೊಂದ.

ಈಗ ನಿಮ್ಮ ಗೆಳೆಯನನ್ನು ಕೇಳಿ, ಇದರಲ್ಲಿ ಗೈಡ್ ನನ್ನ ಬದಲು ಆಡಿದ್ದು ಎಲ್ಲಿ? ಈಜುವುದು ಹೇಗೆ ಅಂತ ಓದಿದ ಮಾತ್ರಕ್ಕೆ ನೀರಿಗಿಳಿದವನು ತೇಲುವುದಿಲ್ಲ. ಬೆರಳು ಕಲಿಯಬೇಕಾದ್ದನ್ನು ಬೆರಳೇ ಕಲಿಯಬೇಕು. ಗೈಡ್ ಮಾಡಿದ ಉಪಕಾರ ಒಂದೇ, ತಪ್ಪು ಪಾಠವನ್ನು ನೂರು ಸಲ ಉರು ಹೊಡೆಯುವುದನ್ನು ತಪ್ಪಿಸಿತು. ಅದನ್ನು ಮೋಸ ಅನ್ನುವವರು ಆಟ ಕಲಿಸುವ ಯಾವ ಗುರುವನ್ನೂ ಒಪ್ಪಬಾರದು.

ಹಾಗಂತ ಗೈಡ್‌ನಿಂದ ಏನೂ ಹಾಳಾಗುವುದಿಲ್ಲ ಅಂತಲ್ಲ. ಹಾಳಾಗುತ್ತದೆ, ಆದರೆ ಜನ ಹೇಳುವ ಜಾಗದಲ್ಲಲ್ಲ.

ಇದೇ ಸೆಕಿರೊದಲ್ಲಿ ಗೆನಿಚಿರೊನನ್ನು ದಾಟಿದ ಮೇಲೆ ಒಂದು ದೊಡ್ಡ ಮೃಗದ ಜೊತೆ ಕಾಳಗವಿದೆ. ಅದರ ನಡುವೆ ಒಂದು ಕ್ಷಣ ಬರುತ್ತದೆ. ಏನು ಅಂತ ಹೇಳುವುದಿಲ್ಲ, ನೀವಿನ್ನೂ ಅಲ್ಲಿಗೆ ಹೋಗಿಲ್ಲ. ಗೆನಿಚಿರೊ ಮಾಡಿದ ಗಾಯ ಇನ್ನೂ ಹಸಿಯಾಗಿದ್ದರಿಂದ ನಾನು ಬುದ್ಧಿವಂತಿಕೆ ಮಾಡಿ ಮುಂದಿನ ಬಾಸ್‌ಗಳ ಬಗ್ಗೆ ಎಲ್ಲವನ್ನೂ ಮೊದಲೇ ಓದಿಕೊಂಡು ಹೋಗಿದ್ದೆ. ಆ ಕ್ಷಣ ಬಂತು, ಹೋಯಿತು, ಬಸ್ಸಿನಲ್ಲಿ ಗೊತ್ತಿರುವ ಸ್ಟಾಪ್ ಬಂದ ಹಾಗೆ. ಎರಡು ವರ್ಷದ ನಂತರ ನನ್ನ ತಮ್ಮ ಅದೇ ಆಟ ಆಡಿದ, ಏನೂ ಓದದೆ. ಪಕ್ಕದ ಕೋಣೆಯಿಂದ ಅವನು ಕಿರುಚಿದ ಸದ್ದಿಗೆ ನಾನು ಏನೋ ಅನಾಹುತವಾಯಿತು ಅಂತ ಎದ್ದು ಓಡಿಹೋದೆ. ಆ ಸುತ್ತಿನಲ್ಲಿ ಅವನು ಸತ್ತ, ಆಮೇಲೂ ಬಹಳ ಸಲ ಸತ್ತ. ಆದರೆ ಆ ಒಂದು ಕಿರುಚಾಟ ನನ್ನ ಪಾಲಿಗೆ ಬರಬೇಕಾಗಿದ್ದೇ ಆಗಿತ್ತು, ಅದನ್ನು ನಾನು ಗೈಡ್‌ಗೆ ಕೊಟ್ಟು ಕೂತಿದ್ದೆ. ಕಷ್ಟ ಕಡಿಮೆಯಾದದ್ದಕ್ಕೆ ನನಗೆ ಬೇಜಾರಿಲ್ಲ. ಕಷ್ಟ ಹೇಗೂ ಕಡಿಮೆಯಾಗಿರಲಿಲ್ಲ.

ಹಾಗಾಗಿ ಸಿಕ್ಕಿಹಾಕಿಕೊಂಡಾಗ ಮೊದಲು ನೋಡಬೇಕಾದ್ದು, ತಡೆದಿರುವುದು ಕೈಯೋ ತಲೆಯೋ ಅನ್ನುವುದನ್ನು. ಕೈ ಆದರೆ ನಿರ್ಭಯವಾಗಿ ಓದಿ. ತಲೆ ಆದರೆ ಸ್ವಲ್ಪ ತಡೆಯಿರಿ. ಇವೆರಡೂ ಅಲ್ಲದ ಇನ್ನೊಂದು ಜಾತಿಯಿದೆ, ಆಟ ಮಾಡಿದವರೇ ಹೇಳದೆ ಬಚ್ಚಿಟ್ಟದ್ದು. ಅದಕ್ಕೆ ಗೈಡ್ ನೋಡಲು ನಾಚಿಕೆ ಪಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಈ ಬಚ್ಚಿಡುವ ಚಟ ಹಳೆಯದು. 1984ರಲ್ಲಿ ನಾಮ್ಕೊ ಕಂಪನಿ ‘ಟವರ್ ಆಫ್ ಡ್ರುವಾಗಾ’ ಅನ್ನುವ ಆರ್ಕೇಡ್ ಆಟ (ನಾಣ್ಯ ಹಾಕಿ ಆಡುವ ಯಂತ್ರದ್ದು) ಬಿಟ್ಟಿತು. ಅರವತ್ತು ಮಹಡಿಯ ಗೋಪುರ, ಹೆಚ್ಚುಕಡಿಮೆ ಪ್ರತಿ ಮಹಡಿಯಲ್ಲೂ ಒಂದು ಗುಪ್ತ ಪೆಟ್ಟಿಗೆ. ಅದು ಹೊರಗೆ ಬರಬೇಕಾದರೆ ಏನು ಮಾಡಬೇಕು ಅಂತ ಆಟ ತುಟಿ ಬಿಚ್ಚುವುದಿಲ್ಲ, ಮಹಡಿಗೊಂದು ಷರತ್ತು ಬೇರೆ. ಕೆಲವು ಪೆಟ್ಟಿಗೆ ತಪ್ಪಿಸಿಕೊಂಡರೆ ಆಟ ಮುಗಿಸುವುದೇ ಸಾಧ್ಯವಿಲ್ಲ. ಒಬ್ಬನೇ ಕೂತು ಇದನ್ನು ಕಂಡುಹಿಡಿಯುವುದು ಆಗದ ಮಾತು. ಜಪಾನಿನ ಆಟಗಾರರು ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಂಡು, ಬರೆದಿಟ್ಟುಕೊಂಡು ಮೇಲೆ ಹತ್ತಿದರು. ಗೈಡ್ ಅಂದರೆ ಮೂಲತಃ ಇದೇ ತಾನೆ?

ನಿಂಟೆಂಡೊದಲ್ಲಿ ಬಂದ ‘ಕ್ಯಾಸಲ್‌ವೇನಿಯಾ’ದ ಎರಡನೆಯ ಆಟ ಇನ್ನೂ ತಮಾಷೆಯದು. ಅದರಲ್ಲಿ ಒಂದು ಬಂಡೆಯ ಹತ್ತಿರ ಹೋಗಿ, ಕೆಂಪು ಸ್ಫಟಿಕ ಹಿಡಿದು, ಕೆಲವು ಸೆಕೆಂಡ್ ಮಂಡಿಯೂರಿ ಕೂರಬೇಕು. ಆಗ ಸುಂಟರಗಾಳಿ ಬಂದು ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಆಟದೊಳಗಿನ ಊರಿನವನೊಬ್ಬ ಕೊಡುವ ಸುಳಿವೇನು ಗೊತ್ತೇ? ಆ ಬಂಡೆಗೆ ತಲೆಯಿಂದ ಹೊಡೆದು ತೂತು ಮಾಡು ಅಂತ. ಜಪಾನಿಯಿಂದ ಇಂಗ್ಲಿಷಿಗೆ ಬರುವಾಗ ಆ ಆಟದ ಮಾತುಗಳು ಕುಲಗೆಟ್ಟು ಹೋಗಿದ್ದವು. ನಾವು ಬಂಡೆಗೆ ತಲೆ ಚಚ್ಚಿಕೊಳ್ಳುವುದು ಅಂತ ಬಾಯಿಮಾತಿಗೆ ಹೇಳುತ್ತೇವೆ, ಇವರು ಅಕ್ಷರಶಃ ಹೇಳಿಬಿಟ್ಟರು. ಇಂಥ ಕಡೆ ಗೈಡ್ ನೋಡದೆ ಯಾವ ಮರ್ಯಾದೆ ಉಳಿಸಿಕೊಳ್ಳುವುದು?

2006ರ ‘ಫೈನಲ್ ಫ್ಯಾಂಟಸಿ 12’ ಇದಕ್ಕೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಒಂದು ಅತಿ ಬಲವಾದ ಭರ್ಜಿ ಇದೆ. ಅದು ಖಚಿತವಾಗಿ ಸಿಗಬೇಕಾದರೆ ನಾಲ್ಕು ಪೆಟ್ಟಿಗೆಗಳನ್ನು ಮುಟ್ಟಬಾರದು. ಯಾವ ನಾಲ್ಕು, ಯಾಕೆ, ಒಂದು ಸುಳಿವೂ ಇಲ್ಲ. ಪೆಟ್ಟಿಗೆ ಕಂಡರೆ ತೆರೆಯಬೇಕು ಅಂತ ಆಟಗಳೇ ನಮಗೆ ಕಲಿಸಿವೆ, ಆ ನಾಲ್ಕರಲ್ಲಿ ಒಂದು ಆಟದ ಆರಂಭದಲ್ಲೇ ಕಾಲಿಗೆ ಸಿಗುತ್ತದೆ. ಇದು ಜಾಣ್ಮೆಯ ಪರೀಕ್ಷೆಯಲ್ಲ. ಗೈಡ್ ಪುಸ್ತಕ ಮಾರುವುದಕ್ಕೆಂದೇ ಹೀಗೆ ಮಾಡಿದರು ಅಂತ ಆಗ ಬಹಳ ಜನ ಬೈದುಕೊಂಡರು. ಉದ್ದೇಶ ಏನೇ ಇರಲಿ, ಬೈಗುಳ ನ್ಯಾಯವಾದದ್ದೇ.

‘ಎಲ್ಡನ್ ರಿಂಗ್’ ಬಂದಾಗಲೂ ಇಂಥದೇ ಒಂದು ಜಗಳ ನಡೆಯಿತು. 2022ರ ಫೆಬ್ರವರಿಯಲ್ಲಿ ಆಟ ಬಂತು. ದಾರಿಯಲ್ಲಿ ಸಿಗುವ ಪಾತ್ರಗಳು ಎರಡು ಮಾತಾಡಿ ಎಲ್ಲಿಗೋ ಹೊರಟುಹೋಗುತ್ತಿದ್ದವು, ಎಲ್ಲಿ ಹುಡುಕುವುದು ಅಂತ ತಿಳಿಯದೆ ಎಲ್ಲರೂ ಗೈಡ್ ತೆರೆಯುತ್ತಿದ್ದರು. ‘ನಿಜವಾದ’ ಆಟಗಾರರು ಅವರನ್ನು ಗೇಲಿ ಮಾಡುತ್ತಿದ್ದರು. ಮಾರ್ಚ್‌ನಲ್ಲಿ 1.03 ಪ್ಯಾಚ್, ಅಂದರೆ ಬಿಡುಗಡೆಯಾದ ಆಟಕ್ಕೆ ಮಾಡುವ ತಿದ್ದುಪಡಿ, ಬಂತು, ಭೇಟಿಯಾದ ಪಾತ್ರ ಎಲ್ಲಿದೆ ಅಂತ ಮ್ಯಾಪಿನ ಮೇಲೆ ಗುರುತು ಹಾಕುವ ಸೌಕರ್ಯವನ್ನು ಆಟ ಮಾಡಿದವರೇ ಸೇರಿಸಿದರು. ನಿನ್ನೆ ಮೋಸವಾಗಿದ್ದದ್ದು ಇವತ್ತು ಆಟದ ಭಾಗ! ಅದೇ ಪ್ಯಾಚ್‌ನಲ್ಲಿ, ಆಟಗಾರನ ನಕಲಾಗಿ ಪಕ್ಕದಲ್ಲಿ ನಿಂತು ಕಾದಾಡುವ ‘ಮಿಮಿಕ್ ಟಿಯರ್’ನ ಬಲವನ್ನೂ ತಗ್ಗಿಸಿದರು, ಅದನ್ನೇ ನಂಬಿ ಬರೆದಿದ್ದ ಗೈಡ್‌ಗಳು ರಾತ್ರೋರಾತ್ರಿ ಹಳಸಿದವು. ಗೈಡ್ ಓದುವ ಮೊದಲು ಅದು ಯಾವ ಪ್ಯಾಚ್ ಕಾಲದ್ದು ಅಂತ ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ.

ತಲೆಯ ಕಷ್ಟಕ್ಕೆ ಬರುತ್ತೇನೆ. ನನ್ನ ದೊಡ್ಡ ಪಶ್ಚಾತ್ತಾಪ ಇರುವುದು ಇಲ್ಲೇ.

‘ಔಟರ್ ವೈಲ್ಡ್ಸ್’ ಅಂತ 2019ರ ಒಂದು ಆಟವಿದೆ. ಪುಟ್ಟ ಸೌರವ್ಯೂಹ, ಒಂದು ಲಡಾಸು ಗಗನನೌಕೆ, ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಕಾಲ ಹಿಂದಕ್ಕೆ ತಿರುಗಿ ಎಲ್ಲವೂ ಮೊದಲಿನಿಂದ. ಅದರಲ್ಲಿ ನಿಮ್ಮ ಶಕ್ತಿ ಬೆಳೆಯುವುದಿಲ್ಲ, ಹೊಸ ಆಯುಧ ಸಿಗುವುದಿಲ್ಲ. ಬೆಳೆಯುವುದು ನಿಮಗೆ ಗೊತ್ತಿರುವುದು ಮಾತ್ರ. ಪೂರ್ತಿ ಗೊತ್ತಿದ್ದವರು ಇಪ್ಪತ್ತೆರಡೇ ನಿಮಿಷದಲ್ಲಿ ಕೊನೆ ಮುಟ್ಟಬಹುದು. ಅಂದರೆ ಒಗಟು ಬಿಡಿಸುವುದೇ ಆಟ, ಉತ್ತರ ಗೊತ್ತಾದ ಮೇಲೆ ಏನೂ ಉಳಿಯುವುದಿಲ್ಲ. ನಾನು ಒಂದು ಜಾಗದೊಳಗೆ ಹೋಗುವ ದಾರಿ ಕಾಣದೆ ಎರಡು ದಿನ ಒದ್ದಾಡಿ, ಮೂರನೆಯ ದಿನ ಹುಡುಕಿ ನೋಡಿದೆ. ಒಂದೇ ಸಾಲಿನ ಉತ್ತರ. ಓದಿದ ಕೂಡಲೇ ಗೊತ್ತಾಯಿತು, ಆ ಉತ್ತರಕ್ಕೆ ಬೇಕಾದ ಎರಡು ತುಂಡೂ ನನ್ನ ಹತ್ತಿರ ಆಗಲೇ ಇದ್ದವು. ಒಂದನ್ನು ಬೇರೆ ಗ್ರಹದ ಗೋಡೆಯ ಮೇಲೆ ಓದಿದ್ದೆ, ಇನ್ನೊಂದನ್ನು ಕಣ್ಣಾರೆ ಕಂಡಿದ್ದೆ. ಜೋಡಿಸುವುದೊಂದು ಬಾಕಿಯಿತ್ತು. ನೌಕೆಯಲ್ಲಿರುವ ಟಿಪ್ಪಣಿಯನ್ನು ತೆರೆದು ಓದಿದ್ದರೆ ಅಲ್ಲೇ ಎರಡೂ ಕಾಣುತ್ತಿದ್ದವು. ಆ ಆಟವನ್ನು ಮತ್ತೆ ಮೊದಲ ಸಲ ಆಡುವುದಕ್ಕೆ ಆಗುವುದಿಲ್ಲ, ಅದೇ ಹೊಟ್ಟೆ ಉರಿ.

ಅದಾದ ಮೇಲೆ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಗಡಿಯಾರ ನೋಡುವುದಿಲ್ಲ; ಅರ್ಧ ಗಂಟೆ ಒದ್ದಾಡು, ಆಮೇಲೆ ನೋಡು ಅನ್ನುವ ಲೆಕ್ಕ ನನಗೆ ಒಗ್ಗುವುದಿಲ್ಲ. ಇನ್ನೂ ಮಾಡಿ ನೋಡದ ಒಂದಾದರೂ ಉಪಾಯ ತಲೆಯಲ್ಲಿದೆಯಾ ಅಂತ ಕೇಳಿಕೊಳ್ಳುತ್ತೇನೆ. ಇದ್ದರೆ ಗೈಡ್ ಮುಚ್ಚಿರಲಿ. ಎಲ್ಲ ಮುಗಿದು, ಮಾಡಿದ್ದನ್ನೇ ಮಾಡುತ್ತಿದ್ದೇನೆ ಅನಿಸಿದರೆ ಆಟ ನಿಲ್ಲಿಸಿ ಮಲಗುತ್ತೇನೆ. ಬೆಳಿಗ್ಗೆಯೂ ಹೊಸದೇನೂ ಹೊಳೆಯದಿದ್ದರೆ ಓದುತ್ತೇನೆ. ಓದುವಾಗಲೂ “ಹೇಗೆ” ಅಂತ ಹುಡುಕುವುದಿಲ್ಲ, “ಎಲ್ಲಿ” ಅಂತ ಹುಡುಕುತ್ತೇನೆ. ಉತ್ತರ ಈ ಕೋಣೆಯಲ್ಲೇ ಇದೆ ಅಂತ ತಿಳಿದರೆ ಎಷ್ಟೋ ಸಲ ಮಿಕ್ಕಿದ್ದು ತಾನಾಗಿ ಬರುತ್ತದೆ.

ಈ ವಿಷಯದಲ್ಲಿ ಹಿಂದಿನವರು ನಮಗಿಂತ ಜಾಣರಿದ್ದರು. 1980ರ ದಶಕದಲ್ಲಿ ಇನ್ಫೊಕಾಮ್ ಕಂಪನಿ ಚಿತ್ರವಿಲ್ಲದೆ ಬರೀ ಓದಿ, ಟೈಪ್ ಮಾಡಿ ಆಡುವ ತನ್ನ ಪಠ್ಯ ಸಾಹಸ ಆಟಗಳಿಗೆ ‘ಇನ್‌ವಿಸಿಕ್ಲೂಸ್’ ಅನ್ನುವ ಪುಸ್ತಿಕೆ ಮಾರುತ್ತಿತ್ತು. ಪ್ರಶ್ನೆ ಮಾತ್ರ ಕಣ್ಣಿಗೆ ಕಾಣುವಂತೆ ಅಚ್ಚಾಗಿರುತ್ತಿತ್ತು, ಉತ್ತರಗಳು ಕಾಣದ ಶಾಯಿಯಲ್ಲಿ. ಜೊತೆಗೆ ಕೊಟ್ಟ ವಿಶೇಷ ಪೆನ್ನಿನಿಂದ ಉಜ್ಜಿದರೆ ಒಂದು ಸಾಲು ಮೂಡುತ್ತದೆ, ಅದು ಬರೀ ಸಣ್ಣ ಸುಳಿವು. ಸಾಲದಿದ್ದರೆ ಮುಂದಿನ ಸಾಲು ಉಜ್ಜಬೇಕು. ಪೂರ್ತಿ ಉತ್ತರ ಕೊನೆಯಲ್ಲಿ. ಪ್ರಶ್ನೆಗಳನ್ನು ಓದಿಯೇ ಕಥೆ ಊಹಿಸಿಬಿಡುತ್ತಾರೆ ಅಂತ ನಡುವೆ ಸುಳ್ಳು ಪ್ರಶ್ನೆಗಳನ್ನೂ ಸೇರಿಸಿದ್ದರು, ಅವನ್ನು ಉಜ್ಜಿದವರಿಗೆ ಸಿಗುತ್ತಿದ್ದದ್ದು ಒಂದು ಬೈಗುಳ. ಎಷ್ಟು ಬೇಕೋ ಅಷ್ಟೇ ಬಡಿಸುವ ಕಲೆ ಅಂದರೆ ಅದು.

ಈಗಿನ ವಿಡಿಯೊಗಳು ಇದಕ್ಕೆ ಪೂರ್ತಿ ಉಲ್ಟಾ. ಒಂದು ಬಾಗಿಲು ತೆರೆಯುವುದು ಹೇಗೆ ಅಂತ ಹುಡುಕಿದರೆ ಪಕ್ಕದಲ್ಲೇ ಕೊನೆಯ ಬಾಸ್ ಚಿತ್ರ, ಯಾರು ಸಾಯುತ್ತಾರೆ ಅನ್ನುವುದು ಶೀರ್ಷಿಕೆಯಲ್ಲೇ. ಹಾಗಾಗಿ ನಾನು ಬರಹದ ಗೈಡನ್ನೇ ಹುಡುಕುತ್ತೇನೆ, ಬೇಕಾದ ಸಾಲು ಓದಿ ಮುಚ್ಚಬಹುದು. ಕೈಚಳಕ ನೋಡಿ ಕಲಿಯುವುದಕ್ಕೆ ಮಾತ್ರ ವಿಡಿಯೊ. ಯಾವ ಆಯುಧ, ಯಾವ ಶಕ್ತಿ ಆರಿಸಿಕೊಳ್ಳಬೇಕು ಅಂತ ಹೇಳುವ ಬಿಲ್ಡ್ ಗೈಡ್‌ಗಳ ಗೊಡವೆಗೆ ನಾನು ಹೋಗುವುದಿಲ್ಲ; ಇನ್ನೊಬ್ಬರ ಬಟ್ಟೆ ಹಾಕಿಕೊಂಡು ಕನ್ನಡಿ ನೋಡಿದ ಹಾಗಾಗುತ್ತದೆ. ಅದು ನನ್ನ ಹಟ, ನೀವು ಪಾಲಿಸಬೇಕಿಲ್ಲ.

ಈಗ ಗೆನಿಚಿರೊ. ಗೈಡ್ ತೆರೆಯುವ ಮೊದಲು ಆಟದೊಳಗಿನ ಗುರುವಿನ ಹತ್ತಿರ ಹೋಗಿದ್ದೀರಾ? ಶಿಥಿಲ ದೇವಾಲಯದ ಹೊರಗೆ ಹಾನ್‌ಬೇ ಅಂತ ಒಬ್ಬ ನಿಂತಿರುತ್ತಾನೆ, ಅವನನ್ನು ಎಷ್ಟು ಸಲ ಕೊಂದರೂ ಸಾಯುವುದಿಲ್ಲ. ಅಭ್ಯಾಸಕ್ಕೆಂದೇ ಅವನನ್ನು ಇಟ್ಟಿದ್ದಾರೆ. ಚುಚ್ಚಿ ಬರುವ ಕತ್ತಿಯನ್ನು ಕಾಲಿನಿಂದ ತುಳಿಯುವುದನ್ನು ಅವನ ಮೇಲೆ ಕಲಿಯಿರಿ, ಗೆನಿಚಿರೊ ಎದುರು ಅರ್ಧ ಕೆಲಸ ಅದರಿಂದಲೇ ಆಗುತ್ತದೆ. ಅಪಾಯ ಅಂತ ಎಚ್ಚರಿಸುವ ಕೆಂಪು ಅಕ್ಷರ ತೆರೆಯ ಮೇಲೆ ಮೂಡಿದಾಗ ಅಕ್ಷರ ನೋಡಬೇಡಿ, ಕತ್ತಿ ನೋಡಿ. ಚುಚ್ಚಿದರೆ ತುಳಿಯಬೇಕು, ಬೀಸಿದರೆ ಹಾರಬೇಕು. ಗೆನಿಚಿರೊ ಕಣ್ಣೆದುರು ಔಷಧಿ ಕುಡಿಯಬೇಡಿ, ಅದಕ್ಕೇ ಕಾದಿರುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಕ್ಕೆ ಓಡಬೇಡಿ. ದೂರ ಹೋದಷ್ಟೂ ಬಾಣ ಬರುತ್ತದೆ, ನಿಮ್ಮ ಏಟಿಗೆ ಕದಲಿದ್ದ ಅವನ ನಿಲುವೂ ಸುಧಾರಿಸಿಕೊಳ್ಳುತ್ತದೆ. ಮೈಗೆ ಮೈ ಅಂಟಿಸಿ ನಿಲ್ಲಿ. ಮಿಂಚಿನ ಉಪಾಯ ಆಗಲೇ ಮೇಲೆ ಹೇಳಿಬಿಟ್ಟಿದ್ದೇನೆ, ಕ್ಷಮಿಸಿ. ಅದು ತಾಗಿದ ಮೇಲೆ ನನ್ನ ಹಾಗೆ ನೋಡುತ್ತಾ ನಿಲ್ಲಬೇಡಿ, ಅಷ್ಟೇ.

ಅವನನ್ನು ದಾಟಿದ ಮೇಲೆ ಆ ಮೃಗ ಸಿಗುವವರೆಗೆ ಮಾತ್ರ ಏನನ್ನೂ ಓದಬೇಡಿ. ಆಮೇಲೆ ಬಂದು, ಕಿರುಚಿದಿರೋ ಇಲ್ಲವೋ ಇಲ್ಲೇ ಕೆಳಗೆ ಬರೆಯಿರಿ. ತಮ್ಮನಿಗೂ ತೋರಿಸುತ್ತೇನೆ.